ವಾರದ ರಾತ್ರಿಗೆ ಯಾವ ತುಂಬುಗಾಯಿ? ಬದನೆ, ಹೀರೆ, ಡಬ್ಬು ಮೆಣಸಿನಕಾಯಿ, ಹಾಗಲ ಹೋಲಿಸಿ ನೋಡೋಣ

ಸಂಜೆ 7.15ಕ್ಕೆ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸಿನಿಂದ ಇಳಿಯುತ್ತೇನೆ. 8.30ಕ್ಕೆ ಮನೆಯಲ್ಲಿ ನಾಲ್ಕು ತಟ್ಟೆ ಹಾಕಬೇಕು. ಅಷ್ಟರಲ್ಲೇ ಕಾಯಿಪಲ್ಯ ಕೊಂಡು, ಮನೆ ಮುಟ್ಟಿ, ಕೈಕಾಲು ತೊಳೆದು ಒಲೆ ಹಚ್ಚಬೇಕು. ಅಡುಗೆಗೆ ಉಳಿಯುವುದು 40 ನಿಮಿಷ.

ಇಷ್ಟು ಹೊತ್ತಿನಲ್ಲಿ ಎಣ್ಣೆಗಾಯಿ, ಅಂದರೆ ಮಸಾಲೆ ತುಂಬಿದ ಕಾಯಿಯ ಪಲ್ಯ, ಮಾಡುತ್ತೇನೆ ಅಂದರೆ ಆಫೀಸಿನ ಗೆಳತಿಯರು ನಂಬುವುದಿಲ್ಲ. ನಮ್ಮ ಕಡೆ ಎಣ್ಣೆಗಾಯಿ ಅಂದರೆ ಹಬ್ಬದ ಅಡುಗೆ. ಎಳ್ಳಮವಾಸ್ಯೆಗೆ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಅದು ಇರಲೇಬೇಕು. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಸಜ್ಜೆ ರೊಟ್ಟಿಯ ಜೊತೆ ಇರಲೇಬೇಕು. ಹಾಗಾಗಿ ವಾರದ ದಿನಕ್ಕೆ ಅದು ಆಗದ ಕೆಲಸ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ. ರಾತ್ರಿ ಊಟ ಅನ್ನ-ಸಾರಿನಲ್ಲೇ ಮುಗಿಯುತ್ತದೆ.

ಆದರೆ ತುಂಬುಗಾಯಿಯಷ್ಟು ಪೂರ್ತಿಯಾದ ಪಲ್ಯ ನಮ್ಮಲ್ಲಿ ಬೇರೆ ಯಾವುದಿದೆ ಹೇಳಿ? ಹೊರಗೆ ತರಕಾರಿ, ಒಳಗೆ ಶೇಂಗಾ, ಗುರೆಳ್ಳು (ದಕ್ಷಿಣದ ಕಡೆ ಹುಚ್ಚೆಳ್ಳು ಅನ್ನುತ್ತಾರೆ), ಎಳ್ಳು. ಪಕ್ಕಕ್ಕೆ ಜೋಳದ ರೊಟ್ಟಿ, ಒಂದು ಬಟ್ಟಲು ಮೊಸರು. ಬೇಳೆ ಬೇಯಿಸದಿದ್ದರೂ ಹೊಟ್ಟೆಗೆ ಬೇಕಾದ್ದೆಲ್ಲ ಬಂದಿರುತ್ತದೆ. ಮೂರು ವರ್ಷದಿಂದ ವಾರಕ್ಕೆ ಎರಡು ರಾತ್ರಿ ಇದನ್ನೇ ಮಾಡುತ್ತಿದ್ದೇನೆ. ಯಾವ ಕಾಯಿ ಯಾವ ದಿನಕ್ಕೆ ಸರಿ ಅನ್ನುವುದು ಕೈಗೆ ಕೂತಿದೆ.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ವಾರದ ರಾತ್ರಿಗೆ ಮೊದಲ ಸ್ಥಾನ ಹೀರೇಕಾಯಿಗೆ. ಬದನೆಗೆ ಎರಡನೆಯದು, ಅದೂ ಕುಕ್ಕರ್ ಇದ್ದರೆ. ಕೈಯಲ್ಲಿ 25 ನಿಮಿಷ ಮಾತ್ರ ಇದ್ದರೆ ಡಬ್ಬು ಮೆಣಸಿನಕಾಯಿ. ಹಾಗಲ ಭಾನುವಾರಕ್ಕೆ. ಬದನೆಯನ್ನು ಎರಡನೆಯ ಸಾಲಿಗೆ ಹಾಕಿದ್ದಕ್ಕೆ ನಮ್ಮ ಅತ್ತೆಗೆ ಇನ್ನೂ ಬೇಸರವಿದೆ. ಯಾಕೆ ಹಾಗೆ ಅಂತ ಮುಂದೆ ಹೇಳುತ್ತೇನೆ.

ಎಣ್ಣೆಯ ಲೆಕ್ಕ

"ಎಣ್ಣಿ ಮ್ಯಾಲ ತೇಲಬೇಕವಾ, ಇಲ್ಲಂದ್ರ ಅದು ಎಣ್ಣಿಗಾಯಿ ಹೆಂಗಾತು?" ಇದು ಅತ್ತೆಯ ಮಾತು. ಹಬ್ಬದ ದಿನ ನಾನೂ ಇದನ್ನು ಒಪ್ಪುತ್ತೇನೆ. ವಾರಕ್ಕೆ ಎರಡು ಸಲ ಮಾಡುವಾಗ ಮಾತ್ರ ಒಪ್ಪುವುದಿಲ್ಲ.

ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಸೂಚನೆಗಳಲ್ಲಿ 2000 ಕ್ಯಾಲೊರಿಯ ಊಟಕ್ಕೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ-ತುಪ್ಪ ಸಾಕು ಎಂದಿದೆ. ಅಂದರೆ ದೊಡ್ಡ ಚಮಚದಲ್ಲಿ ಎರಡು. ಅರ್ಧ ಕಿಲೋ ಬದನೆಗೆ ಹಬ್ಬದ ಹದದಲ್ಲಿ 100 ಮಿಲಿಲೀಟರ್ ಎಣ್ಣೆ ಹಾಕಿದರೆ, ನಾಲ್ಕು ಮಂದಿಗೆ ಹಂಚಿದಾಗ ಒಬ್ಬೊಬ್ಬರ ಪಾಲಿಗೆ 22-23 ಗ್ರಾಂ ಬರುತ್ತದೆ. ದಿನದ ಪಾಲು ಒಂದೇ ಪಲ್ಯದಲ್ಲಿ ಹೆಚ್ಚುಕಡಿಮೆ ಮುಗಿಯಿತು. ಬೆಳಗಿನ ದೋಸೆಗೆ, ಮಧ್ಯಾಹ್ನದ ಒಗ್ಗರಣೆಗೆ ಏನೂ ಉಳಿಯಲಿಲ್ಲ.

ನಾನು ನಾಲ್ಕು ಮಂದಿಗೆ ಸೇರಿ ಹಾಕುವುದು ಎರಡು ದೊಡ್ಡ ಚಮಚ. ಒಬ್ಬರಿಗೆ ಸುಮಾರು 7 ಗ್ರಾಂ. ಇಷ್ಟರಲ್ಲಿ ರುಚಿ ಬರುತ್ತದಾ ಅಂದರೆ, ಬರುತ್ತದೆ. ಯಾಕಂದರೆ ಶೇಂಗಾದಲ್ಲೇ ಸುಮಾರು ಅರ್ಧದಷ್ಟು ಎಣ್ಣೆ ಇದೆ. ಮಸಾಲೆ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೆಂದರೆ ಆ ಎಣ್ಣೆ ಅಂಚಿನಲ್ಲಿ ತಾನಾಗಿ ಬಿಡುತ್ತದೆ. ಉರಿ ಜೋರು ಮಾಡಿದರೆ ಮಸಾಲೆ ತಳ ಹಿಡಿಯುತ್ತದೆ. ಆಗ ನಾವು ಗಾಬರಿಯಾಗಿ ಇನ್ನಷ್ಟು ಎಣ್ಣೆ ಸುರಿಯುತ್ತೇವೆ. ಜಾಸ್ತಿ ಎಣ್ಣೆ ಖರ್ಚಾಗುವುದು ಹೀಗೇ.

ಬದನೆ ಮತ್ತು ಹೀರೆ

ರುಚಿಯಲ್ಲಿ ಬದನೆಗೆ ಸಾಟಿ ಇಲ್ಲ. ಆ ಮಾತಿನಲ್ಲಿ ಎರಡಿಲ್ಲ. ನಮ್ಮ ಕಡೆ ಮುಳಗಾಯಿ ಅನ್ನುತ್ತೇವಲ್ಲ, ತೊಟ್ಟಿನ ಮೇಲೆ ಮುಳ್ಳಿರುವ ಸಣ್ಣ ದುಂಡು ಬದನೆ, ಅದನ್ನೇ ಆರಿಸಬೇಕು. ಉದ್ದನೆಯದು ತುಂಬಲು ಬಾರದು. ದೊಡ್ಡ ಗುಂಡು ಬದನೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಕರಗಿರುತ್ತದೆ. ಮಾರುಕಟ್ಟೆಯಲ್ಲಿ ನಾನು ಕಾಯಂ ಕೊಳ್ಳುವ ಕಾಕಾ ಒಂದು ಮಾತು ಹೇಳುತ್ತಾರೆ: "ಮುಳ್ಳು ಚುಚ್ಚಿದ್ರ ತಾಜಾ ಐತ್ರಿ ಅಕ್ಕಾರ." ಕಾಯಿ ಬಾಡಿದ ಹಾಗೆ ತೊಟ್ಟಿನ ಮುಳ್ಳೂ ಮೆತ್ತಗಾಗುತ್ತದೆ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಕುಳಿ ಬಿದ್ದು ಮತ್ತೆ ಮೇಲೆದ್ದರೆ ಎಳೆಯದು. ಕುಳಿ ಹಾಗೇ ನಿಂತರೆ ಹಳೆಯದು. ಕಾಯಿಯ ಗಾತ್ರಕ್ಕಿಂತ ತೂಕ ಜಾಸ್ತಿ ಅನಿಸಿದರೆ ಒಳಗೆ ಬೀಜ ಬಲಿತಿದೆ ಎಂದು ಬಿಟ್ಟುಬಿಡಿ. ಸೂಜಿ ಚುಚ್ಚಿದ ಹಾಗೆ ತೂತು ಕಂಡರೆ ಒಳಗೆ ಹುಳು ಇರುತ್ತದೆ.

ಮನೆಯಲ್ಲಿ ಹೆಚ್ಚುವಾಗ ತೊಟ್ಟು ತೆಗೆಯಬೇಡಿ. ಬುಡದ ಕಡೆಯಿಂದ ಅಡ್ಡ ಒಂದು, ಉದ್ದ ಒಂದು, ಮುಕ್ಕಾಲು ಭಾಗದವರೆಗೆ ಸೀಳಿ. ದಳಗಳನ್ನು ಅಗಲಿಸಿ ದೀಪದ ಬೆಳಕಿಗೆ ಹಿಡಿದು ನೋಡಿ. ಹುಳು ಹೊಕ್ಕಿದ್ದರೆ ಕಪ್ಪು ಗೆರೆ ಕಾಣುತ್ತದೆ. ಸರಿ ಇದ್ದರೆ ಕೂಡಲೇ ಉಪ್ಪು ನೀರಿಗೆ ಹಾಕಿ. ಇಲ್ಲದಿದ್ದರೆ ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಇಷ್ಟೆಲ್ಲ ಚೆಂದ. ಆದರೆ ಬದನೆಗೆ ಎರಡು ತೊಂದರೆ ಇವೆ. ಒಂದು, ಅದರ ತಿರುಳು ಸ್ಪಂಜಿನ ಹಾಗೆ. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳು. ಬಾಣಲೆಯಲ್ಲಿ ಹಾಕಿದ ಎಣ್ಣೆಯನ್ನು ಎರಡು ನಿಮಿಷದಲ್ಲಿ ಕುಡಿದುಬಿಡುತ್ತದೆ. ಎರಡು, ಬಾಣಲೆಯಲ್ಲಿ ಮುಚ್ಚಿ ಬೇಯಿಸಿದರೆ 20ರಿಂದ 25 ನಿಮಿಷ ಬೇಕು. ಹೆಚ್ಚಿ, ತುಂಬಿ, ಬೇಯಿಸುವಷ್ಟರಲ್ಲಿ ನನ್ನ 40 ನಿಮಿಷ ದಾಟುತ್ತದೆ.

ಎರಡಕ್ಕೂ ಮದ್ದು ಕುಕ್ಕರ್. ಎರಡು ಚಮಚ ಎಣ್ಣೆಗೆ ಸಾಸಿವೆ ಸಿಡಿಸಿ, ಕರಿಬೇವು ಹಾಕಿ, ತುಂಬಿದ ಕಾಯಿಗಳನ್ನು ತೊಟ್ಟು ಮೇಲೆ ಬರುವ ಹಾಗೆ ಒತ್ತೊತ್ತಾಗಿ ಕೂಡಿಸಿ. ಉಳಿದ ಮಸಾಲೆಗೆ ಒಂದು ಬಟ್ಟಲು ನೀರು ಕಲಸಿ ಸುತ್ತಲೂ ಬಿಡಿ. ಮಧ್ಯಮ ಉರಿಯಲ್ಲಿ ಒಂದೇ ಸೀಟಿ. ಆರಿಸಿ, ಆವಿ ತಾನಾಗಿ ಇಳಿಯಲಿ. ಕಾಯಿ ಆವಿಯಲ್ಲೇ ಬೇಯುವುದರಿಂದ ಎಣ್ಣೆಯನ್ನು ಕೇಳುವುದಿಲ್ಲ. ನೀರು ಮಾತ್ರ ಕಡಿಮೆ ಮಾಡಬೇಡಿ. ಮೊದಲ ಸಲ ನಾನು ಅರ್ಧ ಬಟ್ಟಲು ಹಾಕಿದ್ದೆ. ಸೀಟಿ ಬರುವ ಮೊದಲೇ ಸೀದ ವಾಸನೆ ಬಂತು. ತಳಕ್ಕೆ ಹತ್ತಿದ ಶೇಂಗಾವನ್ನು ಎರಡು ದಿನ ನೆನೆಹಾಕಿ ಉಜ್ಜಬೇಕಾಯಿತು. ಎರಡು ಸೀಟಿಯೂ ಬೇಡ. ಎಳೆ ಬದನೆ ಎರಡನೇ ಸೀಟಿಗೆ ಒಡೆದು ಗೊಜ್ಜಾಗುತ್ತದೆ.

ಈಗ ಹೀರೇಕಾಯಿ. ಇದನ್ನು ತುಂಬುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಬದನೆಯ ಮುಂದೆ ಇದರ ಹೆಸರು ಯಾರೂ ಎತ್ತುವುದಿಲ್ಲ. ಜ್ವರ ಬಿಟ್ಟವರಿಗೆ ಮಾಡುವ ಸಪ್ಪೆ ಪಲ್ಯ ಅಂತ ಬದಿಗೆ ಸರಿಸಿದ್ದೇವೆ. ನನಗೆ ಇದರ ಬೆಲೆ ಗೊತ್ತಾದದ್ದು ಒಂದು ಮಳೆಗಾಲದಲ್ಲಿ. ಆಗ ಕೊಂಡ ಬದನೆಯಲ್ಲಿ ಅರ್ಧಕ್ಕರ್ಧ ಹುಳುಕು. ಮನೆಯಲ್ಲಿ ಮಸಾಲೆ ರುಬ್ಬಿ ಆಗಿತ್ತು. ಬುಟ್ಟಿಯಲ್ಲಿ ಎರಡು ಉದ್ದನೆ ಹೀರೇಕಾಯಿ ಇದ್ದವು. ಅದೇ ಮಸಾಲೆಯನ್ನು ಅವಕ್ಕೆ ತುಂಬಿದೆ. ಅವತ್ತು ಮಕ್ಕಳು ತಟ್ಟೆಯಲ್ಲಿ ಉಳಿದ ರಸವನ್ನೂ ರೊಟ್ಟಿಯಿಂದ ಒರೆಸಿ ತಿಂದರು.

ಹೀರೆಯ ಮೈ ತುಂಬ ನೀರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಬಾಣಲೆ ಮುಚ್ಚಿದರೆ ಸಾಕು, ತನ್ನ ನೀರಿನಲ್ಲಿ ತಾನೇ 12ರಿಂದ 15 ನಿಮಿಷಕ್ಕೆ ಬೇಯುತ್ತದೆ. ಎಣ್ಣೆಯನ್ನು ಬದನೆಯ ಹಾಗೆ ಕುಡಿಯುವುದಿಲ್ಲ. ಬಿಟ್ಟ ನೀರು ಶೇಂಗಾ ಮಸಾಲೆಯ ಜೊತೆ ಕೂಡಿ ಮಂದನೆ ರಸ ಆಗುತ್ತದೆ. ಬೇರೆ ಸಾರು ಬೇಕಾಗುವುದಿಲ್ಲ. ಸಿಹಿ ಸಿಹಿ ತಿರುಳು, ಒಳಗೆ ಗುರೆಳ್ಳಿನ ಖಾರ, ಒಳ್ಳೆಯ ಜೋಡಿ.

ಮಾಡುವುದು ಹೀಗೆ. ಏಣುಗಳನ್ನು ಮಾತ್ರ ಹೆರೆಯಿರಿ, ಇಡೀ ಸಿಪ್ಪೆ ತೆಗೆಯಬೇಡಿ. ಮೈ ಮೇಲೆ ಸಿಪ್ಪೆ ಇದ್ದರೇ ತುಂಡು ಒಡೆಯದೆ ನಿಲ್ಲುವುದು. ಹೆರೆದ ಸಿಪ್ಪೆಗೆ ಎಳ್ಳು, ಹಸಿಮೆಣಸಿನಕಾಯಿ, ಹುಣಸೆ ಹಾಕಿದರೆ ಮರುದಿನಕ್ಕೆ ಚಟ್ನಿ. ಆಮೇಲೆ ಎರಡು ಬೆರಳಗಲದ ತುಂಡು ಮಾಡಿ. ಒಂದೊಂದು ತುಂಡಿಗೂ ಒಂದು ಕಡೆಯಿಂದ ಮಾತ್ರ ನಾಲ್ಕು ಸೀಳು ಕೊಡಿ, ಇನ್ನೊಂದು ಕಡೆ ಕೂಡಿಕೊಂಡೇ ಇರಲಿ. ಹೆಬ್ಬೆರಳಿನಿಂದ ಅಗಲಿಸಿ ಮಸಾಲೆ ಒತ್ತಿ, ಅಂಗೈಯಲ್ಲಿ ಒಮ್ಮೆ ಹಿಸುಕಿ ಬಾಯಿ ಮುಚ್ಚಿ. ಹೆಚ್ಚುವ ಮೊದಲು ಪ್ರತಿ ಕಾಯಿಯಿಂದ ಒಂದು ಚೂರು ಕೊಯ್ದು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಹೀರೆ, ಸೋರೆಯ ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ವಾಂತಿ-ಭೇದಿ ತರುತ್ತದೆ. ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಒಂದು ಕೊರತೆ ಹೇಳಲೇಬೇಕು. ಹೀರೆ ಬೆಂದ ಮೇಲೆ ಕುಗ್ಗುತ್ತದೆ. ಬದನೆ ಅರ್ಧ ಕಿಲೋ ಸಾಕಾದರೆ ಇದು ಮುಕ್ಕಾಲು ಕಿಲೋ ಬೇಕು. ಆದರೆ ಅದರಿಂದ ತಟ್ಟೆಗೆ ತರಕಾರಿ ಜಾಸ್ತಿಯೇ ಬರುತ್ತದೆ. ದಿನಕ್ಕೆ 400 ಗ್ರಾಂ ತರಕಾರಿ ತಿನ್ನಿ ಅನ್ನುತ್ತದೆ ಅದೇ ಹೈದರಾಬಾದಿನ ಸಂಸ್ಥೆ. ಒಂದು ರಾತ್ರಿಯ ಹೀರೆ ಅದರ ಅರ್ಧದ ಹತ್ತಿರ ತಲುಪಿಸುತ್ತದೆ.

ಚಳಿಗಾಲದಲ್ಲಿ ಒಳ್ಳೆ ಮುಳಗಾಯಿ ಬಂದಾಗ ನಾನೂ ಬದನೆಯನ್ನೇ ತರುತ್ತೇನೆ. ಜೂನ್‌ನಿಂದ ದಸರೆಯವರೆಗೆ ಹೀರೆ.

ಡಬ್ಬು ಮೆಣಸಿನಕಾಯಿ: ತೀರ ತಡವಾದ ದಿನಕ್ಕೆ

ದೊಣ್ಣೆ ಮೆಣಸಿನಕಾಯಿ ಅನ್ನಿ, ಡಬ್ಬು ಅನ್ನಿ, ದೇವರೇ ಒಳಗೆ ಟೊಳ್ಳು ಮಾಡಿ ಕೊಟ್ಟ ಕಾಯಿ. ಸೀಳುವ ಕೆಲಸ ಇಲ್ಲ. ತೊಟ್ಟಿನ ಸುತ್ತ ಕೊಯ್ದು ಬೀಜ ತೆಗೆದರೆ ತುಂಬಲು ಸಿದ್ಧ. ಚಪ್ಪಟೆ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಮೇಲೆ ಮುಚ್ಚಳ, ಆಗಾಗ ಹೊರಳಿಸಿದರೆ 10-12 ನಿಮಿಷ. ಪೂರ್ತಿ ಮೆತ್ತಗೆ ಮಾಡಬೇಡಿ. ಹಲ್ಲಿಗೆ ಸ್ವಲ್ಪ ಸಿಗಬೇಕು. ಇದರಲ್ಲಿ ಸಿ ವಿಟಮಿನ್ ಚೆನ್ನಾಗಿದೆ. ಬೇಯಿಸಿದಷ್ಟೂ ಅದು ಕಳೆದುಹೋಗುತ್ತದೆ.

ಒಳಗೆ ಏನು ತುಂಬಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಆಲೂಗಡ್ಡೆ ಬೇಡ. ಹೋಟೆಲಿನಲ್ಲಿ ಹಾಗೆ ಕೊಡುತ್ತಾರೆ, ಮಕ್ಕಳು ಕೇಳುತ್ತಾರೆ, ನಿಜ. ಆದರೆ ರೊಟ್ಟಿಯ ಜೊತೆ ಆಲೂಗಡ್ಡೆ ಅಂದರೆ ಪಿಷ್ಟದ ಮೇಲೆ ಪಿಷ್ಟ. ರಾತ್ರಿ ಭಾರ. ಅದರ ಬದಲು ಕಡಲೆಹಿಟ್ಟು ತುಂಬಿ. ಅರ್ಧ ಬಟ್ಟಲು ಹಿಟ್ಟನ್ನು ಘಮ ಬರುವವರೆಗೆ ಒಣದಾಗಿ ಹುರಿದು, ಎರಡು ಚಮಚ ಶೇಂಗಾ ಪುಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಖಾರ, ಜೀರಿಗೆ, ಲಿಂಬೆ ರಸ ಹಾಕಿ ಉದುರಾಗಿ ಕಲಸಿ. ಕಡಲೆಹಿಟ್ಟಿನ ಪಲ್ಯ ಜುಣಕ ಇದೆಯಲ್ಲ, ಅದರ ರುಚಿಯೇ ಬರುತ್ತದೆ, ಕಾಯಿಯ ಒಳಗೆ. ನಮ್ಮ ಜಿಲ್ಲೆಯ ಅಣ್ಣಿಗೇರಿ ಕಡಲೆಗೆ ಹೆಸರಾದ ಊರು. ಕಡಲೆ ತಂದು ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಸಿಕ್ಕರೆ ಪ್ಯಾಕೆಟ್ಟಿನ ಹಿಟ್ಟಿಗೆ ಕೈ ಚಾಚಬೇಡಿ.

ನೀರು ನೀರಾದ ಮಸಾಲೆ ಇದಕ್ಕೆ ಆಗುವುದಿಲ್ಲ. ಕಾಯಿಯ ಗೋಡೆ ನೀರು ಬಿಟ್ಟು, ಒಳಗಿನದು ಅಂಬಲಿ ಆಗುತ್ತದೆ. ಕೊಳ್ಳುವಾಗ ಸಣ್ಣವನ್ನೇ ಆರಿಸಿ, ಒಬ್ಬರಿಗೆ ಎರಡರಂತೆ.

ಹಾಗಲ ಮತ್ತು ಉಳಿದವು

ಹಾಗಲ ನನಗೆ ಪ್ರಾಣ. ಆದರೂ ವಾರದ ದಿನಕ್ಕೆ ಬೇಡ ಅನ್ನುತ್ತೇನೆ. ಮೇಲಿನ ಗಂಟು ಹೆರೆದು, ಸೀಳಿ, ಬೀಜ ತೆಗೆದು, ಉಪ್ಪು ಸವರಿ ಅರ್ಧ ತಾಸು ಇಡಬೇಕು. ಹಿಂಡಬೇಕು. ಹುಣಸೆ ನೀರಿನಲ್ಲಿ ಒಂದು ಕುದಿ ಬೇಯಿಸಬೇಕು. ಆಮೇಲೆ ತುಂಬಿ, ದಾರ ಸುತ್ತಿ, ಸಣ್ಣ ಉರಿಯಲ್ಲಿ ಹೊರಳಿಸಬೇಕು. ಅವಸರದಲ್ಲಿ ಒಂದು ಹೆಜ್ಜೆ ಬಿಟ್ಟರೂ ಮನೆಮಂದಿ ಬಾಯಿಗೆ ಇಡುವುದಿಲ್ಲ. ಭಾನುವಾರ ಮಾಡಿದರೆ ಸೋಮವಾರಕ್ಕೂ ಬರುತ್ತದೆ, ಎರಡನೇ ದಿನ ರುಚಿಯೂ ಹೆಚ್ಚು.

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಹಾಗಲಕ್ಕೆ ಮರ್ಯಾದೆ ಜಾಸ್ತಿ. ತಿನ್ನಲಿ, ಒಳ್ಳೆಯದೇ. ಆದರೆ ಕಹಿ ಮುಚ್ಚಲು ಬೆಲ್ಲ ಎಷ್ಟು ಸುರಿಯುತ್ತಿದ್ದೇವೆ ಅನ್ನುವುದರ ಮೇಲೆ ಕಣ್ಣಿರಲಿ. ಹಾಗಲ ತಿಂದೆ ಅಂತ ಗುಳಿಗೆ ಬಿಡುವ ಹಾಗೂ ಇಲ್ಲ. ನಮ್ಮ ಮಾವ ಒಂದು ವಾರ ಹಾಗೆ ಬಿಟ್ಟಿದ್ದರು. ಡಾಕ್ಟರ ಹತ್ತಿರ ಓಡಬೇಕಾಯಿತು.

ಬೆಂಡೆಕಾಯಿ ಇಬ್ಬರೇ ಇರುವ ಮನೆಗೆ ಸರಿ. ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಳಿ, ಒಣ ಹಿಂಡಿ (ಚಟ್ನಿ ಪುಡಿ) ತುಂಬಿದರೆ ಲೋಳೆ ಬರುವುದಿಲ್ಲ. ನಾಲ್ಕು ಮಂದಿಗೆ ಮಾಡುವುದಾದರೆ 50 ಕಾಯಿ ಸೀಳುತ್ತಾ ಕೂರಬೇಕು. ತೊಂಡೆಕಾಯಿ ಅದಕ್ಕಿಂತ ತಡ, ಬೇಯುವುದೂ ನಿಧಾನ. ಟೊಮೆಟೊ ಬೇಗ ಆಗುತ್ತದೆ, ಆದರೆ ಹುಳಿ ಮುಂದಾಗಿ ಶೇಂಗಾ ರುಚಿ ಹಿಂದೆ ಬೀಳುತ್ತದೆ. ಬುಟ್ಟಿಯಲ್ಲಿ ಏನೂ ಇಲ್ಲದ ದಿನ ಸಣ್ಣ ಉಳ್ಳಾಗಡ್ಡಿಗಳನ್ನೇ ಬದನೆಯ ಹಾಗೆ ಸೀಳಿ ತುಂಬಿ ಕುಕ್ಕರಿನಲ್ಲಿ ಒಂದು ಸೀಟಿ ಹೊಡೆಸಿ. ತೀರ ಸಾದಾ ಪಲ್ಯ, ಆದರೆ ಬಿಸಿ ರೊಟ್ಟಿಗೆ ಬಹಳ ಚಲೋ.

ಒಳಗೆ ಏನು ತುಂಬಬೇಕು?

ನನ್ನ 40 ನಿಮಿಷದ ಗುಟ್ಟು ಇರುವುದು ಇಲ್ಲಿ. ಮಸಾಲೆಯನ್ನು ಅವತ್ತೇ ಹುರಿದು, ಆರಿಸಿ, ಕುಟ್ಟುತ್ತಾ ಕೂತರೆ ಯಾವ ಕಾಯಿ ಆರಿಸಿದರೂ ಹೊತ್ತಿಗೆ ಊಟ ಆಗುವುದಿಲ್ಲ. ಭಾನುವಾರ ಮಧ್ಯಾಹ್ನ ಒಣ ಮಸಾಲೆ ಮಾಡಿ ಡಬ್ಬಿ ತುಂಬಿಡಿ.

ಎರಡು ಬಟ್ಟಲು ಶೇಂಗಾ, ಅಂದರೆ 300 ಗ್ರಾಂ. ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವವರೆಗೆ ಹುರಿಯಿರಿ. ಹುರಿಯುವ ಮೊದಲು ತಟ್ಟೆಯಲ್ಲಿ ಹರಡಿ ಮುರುಟಿದ, ಕಪ್ಪಾದ, ಬೂಸ್ಟು ಹಿಡಿದ ಕಾಳು ಆರಿಸಿ ಎಸೆಯಿರಿ. ಶೇಂಗಾದ ಬೂಸ್ಟಿನಲ್ಲಿ ಯಕೃತ್ತಿಗೆ ಕೇಡು ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಕಾಲು ಬಟ್ಟಲು ಗುರೆಳ್ಳು ಬೇರೆಯಾಗಿ ಹುರಿಯಿರಿ. ಚಟಪಟ ಸಿಡಿದು ಘಮ ಬಂದ ಕೂಡಲೇ ಇಳಿಸಿ. ಹಸಿ ಉಳಿದರೂ ಕಹಿ, ಸೀದರೂ ಕಹಿ. ಎರಡು ಚಮಚ ಎಳ್ಳು, ಎರಡು ಚಮಚ ಒಣಕೊಬ್ಬರಿ ತುರಿ, ಎರಡು ಚಮಚ ಹವೀಜ (ಕೊತ್ತಂಬರಿ ಬೀಜ), ಒಂದು ಚಮಚ ಜೀರಿಗೆ, 10-12 ಬ್ಯಾಡಗಿ ಮೆಣಸಿನಕಾಯಿ. ಮನೆಯಲ್ಲಿ ವರ್ಷಕ್ಕೆ ಕುಟ್ಟಿಸಿಟ್ಟ ಮಸಾಲೆ ಖಾರ ಇದ್ದರೆ ಮೆಣಸಿನಕಾಯಿ, ಹವೀಜ, ಜೀರಿಗೆ ಬಿಟ್ಟು ಅದನ್ನೇ ಮೂರು ಚಮಚ ಹಾಕಿ. ಎಲ್ಲ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಇದು ಮೂರು ರಾತ್ರಿಗೆ ಆಗುತ್ತದೆ. ಫ್ರಿಜ್ಜಿನಲ್ಲಿ ಎರಡು ವಾರ ಕೆಡುವುದಿಲ್ಲ. ಹೊರಗಿಟ್ಟರೆ ಬೇಸಿಗೆಯಲ್ಲಿ ಬೇಗ ಕಮಟು ವಾಸನೆ ಬರುತ್ತದೆ. ಮಾಡುವ ಹೊತ್ತಿಗೆ ಮೂರರಲ್ಲಿ ಒಂದು ಪಾಲಿಗೆ ಹೆಚ್ಚಿದ ಉಳ್ಳಾಗಡ್ಡಿ, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ನೆನೆದ ಹುಣಸೆ, ಅಡಿಕೆ ಗಾತ್ರದ ಬೆಲ್ಲ, ಸಣ್ಣ ಚಮಚ ಉಪ್ಪು. ಐದು ನಿಮಿಷದ ಕೆಲಸ.

ಹಾಗಾದರೆ ಶೇಂಗಾ ಮೇಲೋ, ಗುರೆಳ್ಳು ಮೇಲೋ, ಕೊಬ್ಬರಿಯೋ, ಕಡಲೆಹಿಟ್ಟೋ? ಹೊಟ್ಟೆ ತುಂಬಿಸುವುದು ಶೇಂಗಾ. 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ನಮ್ಮ ಅಳತೆಯಲ್ಲಿ ಒಬ್ಬರ ಪಾಲಿಗೆ 25 ಗ್ರಾಂ ಶೇಂಗಾ ಬರುತ್ತದೆ, ಅದರಿಂದ 6 ಗ್ರಾಂ ಪ್ರೋಟೀನ್. ಅದಕ್ಕಿಂತ ಜಾಸ್ತಿ ಹಾಕಿದರೆ ರಾತ್ರಿ ಭಾರವಾಗುತ್ತದೆ, ಕೊಬ್ಬೂ ಏರುತ್ತದೆ. ಗುರೆಳ್ಳು ರುಚಿಗೆ. ಇದು ಬಿದ್ದರೇ ಪಲ್ಯಕ್ಕೆ ಆ ಕಪ್ಪು ಬಣ್ಣ, ಆ ಮಣ್ಣಿನ ಘಮ. ಶೇಂಗಾದ ಕಾಲು ಭಾಗ ಮೀರಿದರೆ ಮಾತ್ರ ಉಳಿದೆಲ್ಲ ರುಚಿಯನ್ನು ನುಂಗುತ್ತದೆ. ಸಿಪ್ಪೆ ಇರುವ ಎಳ್ಳಿನಲ್ಲಿ ಸುಣ್ಣದ ಅಂಶ ಹೇರಳ, 100 ಗ್ರಾಂಗೆ ಸುಮಾರು 1000 ಮಿಲಿಗ್ರಾಂ. ಹಾಲು ಕುಡಿಯದ ಮಕ್ಕಳಿಗೆ ಒಂದು ಚಮಚ ಹೆಚ್ಚಿಗೆ ಹಾಕುತ್ತೇನೆ. ಒಣಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಕೊಬ್ಬೇ, ಅದೂ ಹೆಚ್ಚಿನದು ಗಟ್ಟಿ (ಸ್ಯಾಚುರೇಟೆಡ್) ಕೊಬ್ಬು. ಎರಡು ಚಮಚಕ್ಕೆ ನಿಲ್ಲಿಸಿ. ಶೇಂಗಾ ಒಗ್ಗದವರಿಗೆ ಪುಟಾಣಿ (ಹುರಿಗಡಲೆ) ಪುಡಿ ಒಳ್ಳೆಯ ಬದಲಿ. ಎಣ್ಣೆ ಕಡಿಮೆ, ಪ್ರೋಟೀನ್ ಹತ್ತಿರ ಹತ್ತಿರ ಅಷ್ಟೇ. ಆದರೆ ರಸ ಬೇಗ ಗಟ್ಟಿಯಾಗುತ್ತದೆ, ನೀರು ಸ್ವಲ್ಪ ಜಾಸ್ತಿ ಬೇಕು.

ಭಾನುವಾರ ಮಸಾಲೆ ಮಾಡಲು ಆಗಲಿಲ್ಲವೇ? ಡಬ್ಬಿಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸೆ ಹಿಂಡಿ ಇದ್ದೇ ಇರುತ್ತವಲ್ಲ. ಶೇಂಗಾ ಹಿಂಡಿ ನಾಲ್ಕು ಪಾಲು, ಗುರೆಳ್ಳು ಹಿಂಡಿ ಒಂದು ಪಾಲು ಕಲಸಿ ತುಂಬಿ. ಹಿಂಡಿಯಲ್ಲಿ ಉಪ್ಪು-ಖಾರ ಮೊದಲೇ ಇರುತ್ತದೆ, ಮತ್ತೆ ಹಾಕಬೇಡಿ. ಅಂಗಡಿಯ ಎಣ್ಣೆಗಾಯಿ ಮಸಾಲೆ ಪ್ಯಾಕೆಟ್ ನಾನು ಒಮ್ಮೆ ತಂದಿದ್ದೆ. ಉಪ್ಪು ಎಷ್ಟಿತ್ತೆಂದರೆ ಇಡೀ ಪಲ್ಯಕ್ಕೆ ಎರಡು ಬಟ್ಟಲು ಮೊಸರು ಬೆರೆಸಬೇಕಾಯಿತು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತಾರೆ. ನಮ್ಮ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳವೇ ಅದರ ದೊಡ್ಡ ಪಾಲು ತಿಂದುಬಿಡುತ್ತವೆ. ತುಂಬುಗಾಯಿ ಇರುವ ರಾತ್ರಿ ನಾನು ಅವೆರಡನ್ನೂ ಹೊರಗೆ ತೆಗೆಯುವುದಿಲ್ಲ.

ಮೆಣಸಿನಕಾಯಿ ಬ್ಯಾಡಗಿಯದೇ ಯಾಕೆ ಅಂದರೆ, ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಈ ಗುಣಕ್ಕೇ ಹೆಸರಾದ್ದರಿಂದ. ಗುಂಟೂರಿನದನ್ನು ಇಷ್ಟೇ ಲೆಕ್ಕದಲ್ಲಿ ಹಾಕಿದರೆ ಮಲಗಿದ ಮೇಲೆ ಎದೆ ಉರಿ ಗ್ಯಾರಂಟಿ.

ಪಾತ್ರೆ

ಬದನೆ, ಉಳ್ಳಾಗಡ್ಡಿಗೆ ಕುಕ್ಕರ್. ಹೀರೆ, ಡಬ್ಬುವಿಗೆ ದಪ್ಪ ತಳದ ಅಗಲ ಬಾಣಲೆ. ಹೀರೆಯನ್ನು ಕುಕ್ಕರಿಗೆ ಹಾಕಿದರೆ ಕರಗಿ ಹೋಗುತ್ತದೆ. ಕಬ್ಬಿಣದ ಬಾಣಲೆ ಡಬ್ಬು, ಬೆಂಡೆಗೆ ಚೆಂದ. ಹುಣಸೆ ಬಿದ್ದ ಮಸಾಲೆಗೆ ಬೇಡ, ರಸ ಕಪ್ಪಾಗಿ ಕಬ್ಬಿಣದ ರುಚಿ ಬರುತ್ತದೆ. ಏರ್ ಫ್ರೈಯರ್ ಇರುವವರು ಡಬ್ಬುವನ್ನು ಅದರಲ್ಲಿ ಮಾಡಬಹುದು. ಶೇಂಗಾ ಮಸಾಲೆಯ ಬದನೆಗೆ ಅದು ಒಗ್ಗುವುದಿಲ್ಲ, ಮಸಾಲೆ ಮೇಲೆ ಸೀಯುತ್ತದೆ, ಕಾಯಿ ಒಳಗೆ ಹಸಿ ಉಳಿಯುತ್ತದೆ. ಮಣ್ಣಿನ ಗಡಿಗೆಯ ರುಚಿ ದೊಡ್ಡದು. ಅದಕ್ಕೆ ಬೇಕಾದ ಒಂದು ತಾಸು ರಜೆಯ ದಿನ ಮಾತ್ರ ಸಿಗುತ್ತದೆ.

ಜೊತೆಗೆ ಏನು?

ಬಿಸಿ ಜೋಳದ ರೊಟ್ಟಿ ಸಿಕ್ಕರೆ ಬೇರೆ ಮಾತೇ ಇಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಎರಡು ರೊಟ್ಟಿಗೆ ಹೊಟ್ಟೆ ತುಂಬುತ್ತದೆ. ಆದರೆ ಕುಕ್ಕರ್ ಒಂದು ಕಡೆ, ರೊಟ್ಟಿ ಬಡಿಯುವುದು ಒಂದು ಕಡೆ, ಎಲ್ಲರಿಗೂ ಆಗುವ ಮಾತಲ್ಲ. ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಮನೆಗಳು ಓಣಿಗೊಂದು ಸಿಗುತ್ತವೆ. ಬಸ್ಸಿನಿಂದಲೇ ಫೋನ್ ಮಾಡಿ ಎಂಟು ರೊಟ್ಟಿ ಹೇಳಿಬಿಡುತ್ತೇನೆ. ಅದೂ ಆಗದ ದಿನಕ್ಕೆ ಒಣಗಿಸಿದ ಕಟಕ ರೊಟ್ಟಿ. ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಹೀರೇಕಾಯಿಯ ರಸಕ್ಕೆ ಮುರಿದು ಹಾಕಿ ಎರಡು ನಿಮಿಷ ಬಿಟ್ಟು ತಿನ್ನಬೇಕು. ಬದನೆಗೆ ಬಿಸಿ ರೊಟ್ಟಿ, ಡಬ್ಬುವಿಗೆ ಚಪಾತಿ ಹೊಂದುತ್ತದೆ. ಅನ್ನಕ್ಕೆ ಬದನೆ ಪರವಾಗಿಲ್ಲ. ಆದರೆ ಅನ್ನ ಆದರೆ ಪಲ್ಯ ಕಡಿಮೆ, ಅನ್ನ ಜಾಸ್ತಿ ತಿನ್ನುತ್ತೇವೆ. ಪಕ್ಕಕ್ಕೆ ಸೌತೆ, ಮೂಲಂಗಿ ಅಥವಾ ಮೆಂತ್ಯ ಸೊಪ್ಪಿನ ಪಚಡಿ. ಒಲೆ ಬೇಡ, ಐದು ನಿಮಿಷ ಸಾಕು.

ಮರುದಿನದ ಡಬ್ಬಿಗೆ

ರಾತ್ರಿ ಮಾಡಿದ್ದು ಬೆಳಿಗ್ಗೆ ಡಬ್ಬಿಗೂ ಆಗಬೇಕಾದರೆ ಆಯ್ಕೆ ಬದಲಾಗುತ್ತದೆ. ಇಲ್ಲಿ ಬದನೆ ಗೆಲ್ಲುತ್ತದೆ. ರಾತ್ರಿಯಿಡೀ ಮಸಾಲೆ ಹೀರಿಕೊಂಡು ಮರುದಿನ ಇನ್ನೂ ರುಚಿಯಾಗಿರುತ್ತದೆ. ಊಟ ಆದ ಕೂಡಲೇ ಆರಿಸಿ ಫ್ರಿಜ್ಜಿಗೆ ಇಟ್ಟು, ಬೆಳಿಗ್ಗೆ ಕುದಿ ಬರುವ ಹಾಗೆ ಬಿಸಿ ಮಾಡಿ. ಡಬ್ಬು ಮೆಣಸಿನಕಾಯಿ ಮೆತ್ತಗಾದರೂ ತಿನ್ನಬಹುದು. ಹೀರೆ ಮಾತ್ರ ರಾತ್ರಿಗೇ ಮುಗಿಸಬೇಕು. ಬೆಳಗಾಗುವಷ್ಟರಲ್ಲಿ ನೀರು ಬಿಟ್ಟು ಸೊರಗಿರುತ್ತದೆ. ಅದಕ್ಕೇ ಡಬ್ಬಿ ಒಯ್ಯಬೇಕಾದ ದಿನದ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಬದನೆಯೇ. ಅವತ್ತು ಅತ್ತೆ ಒಲೆಯ ಹತ್ತಿರ ಬಂದು, ಮುಚ್ಚಳ ತೆಗೆದು, ಅಂಚಿನಲ್ಲಿ ಎಣ್ಣೆ ಬಿಟ್ಟಿದೆಯಾ ಅಂತ ನೋಡುತ್ತಾರೆ. ಮೊನ್ನೆ ನೋಡಿ, "ಇಷ್ಟ ಹಾಕಿದ್ರೂ ಬಿಟ್ಟೇತಲ್ಲವಾ" ಅಂದರು. ಆಮೇಲೆ ಎರಡು ಕಾಯಿ ಹೆಚ್ಚಿಗೆ ಬಡಿಸಿಕೊಂಡರು.